ಉತಾರವಲ್ಲ, ಕಾವ್ಯ: ಪುಲಿಗೆರೆಯ ಜಗಳವನ್ನು ತರಗತಿಯಲ್ಲಿ ಓದುವ ಬಗೆ

ಕನ್ನಡದ ತಿರುಳು ಎಲ್ಲಿದೆ ಎಂಬ ಪ್ರಶ್ನೆಗೆ ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ನಾಲ್ಕು ಊರುಗಳ ಹೆಸರು ಹೇಳಿ ಉತ್ತರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಕೆಲವು ವರ್ಷಗಳ ಹಿಂದಿನವರೆಗೆ ಅದು ಶಿರಹಟ್ಟಿ ತಾಲ್ಲೂಕಿನ ಊರಾಗಿತ್ತು. ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ ಪಂಪನು ತನ್ನ ಕಾವ್ಯಭಾಷೆಗೆ ಈ ಊರಿನ ಕನ್ನಡವನ್ನೇ ಆಧಾರವೆಂದು ಹೇಳಿಕೊಂಡನು. ಇದೇ ಊರು ರಾಘವಾಂಕನ 'ಸೋಮನಾಥ ಚಾರಿತ್ರ'ದ ರಂಗಸ್ಥಳವೂ ಹೌದು. ಒಂದು ಸಮುದಾಯದ ಭಕ್ತನು ಮತ್ತೊಂದು ಸಮುದಾಯದ ಬಸದಿಯೊಳಗೆ ತನ್ನ ದೇವರನ್ನು ತಂದು ನಿಲ್ಲಿಸಿದ ಕಥೆ ಅದರದು. ಕನ್ನಡದ ತಿರುಳೆನಿಸಿದ ನೆಲದಲ್ಲಿಯೇ ಕನ್ನಡದ ಹಳೆಯ ಜಗಳವೊಂದು ಕಾವ್ಯವಾಗಿ ಉಳಿದಿದೆ. ಪಂಪನನ್ನು ನಾವು ಹೆಮ್ಮೆಯಿಂದ ಕಲಿಸುತ್ತೇವೆ. ಈ ಕಾವ್ಯದ ಬಳಿಗೆ ಮಾತ್ರ ಹೋಗುವುದಿಲ್ಲ.

ಈ ಹಿಂಜರಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಗುರುಮಠಗಳಲ್ಲಿ ಓದುವ ಅಭ್ಯರ್ಥಿಗಳಲ್ಲಿ ಹಲವರು ಮುಂದೆ ಧರ್ಮಕೇಂದ್ರದ ಜೊತೆಗೆ ಒಂದು ಶಾಲೆಯ ಹೊಣೆಯನ್ನೂ ಹೊರುವರು. ಗದಗ, ಮುಂಡರಗಿ, ಶಿರಹಟ್ಟಿಯಂಥ ಕಡೆಗಳಲ್ಲಿ ಅಂಥ ಶಾಲೆಯ ಬೆಂಚುಗಳ ಮೇಲೆ ಲಿಂಗಾಯತ, ಮುಸ್ಲಿಂ, ಕುರುಬ, ದಲಿತ, ಲಂಬಾಣಿ, ಜೈನ ಮನೆಗಳ ಮಕ್ಕಳು ಒತ್ತೊತ್ತಾಗಿ ಕುಳಿತಿರುತ್ತಾರೆ. ಕ್ರೈಸ್ತ ಮಕ್ಕಳು ಬೆರಳೆಣಿಕೆಯಷ್ಟು. ಹೊರಗಿನ ರಾಜಕೀಯ ಅವರನ್ನು ಬೇರೆ ಬೇರೆ ಪಾಳೆಯಗಳಲ್ಲಿ ನಿಲ್ಲಿಸಲು ಹವಣಿಸುತ್ತಿದೆ. ಅಂಥ ತರಗತಿಯಲ್ಲಿ ಸಾಹಿತ್ಯವನ್ನು ಏನೆಂದು ಕಲಿಸಬೇಕು?

ಭಾವೈಕ್ಯದ ಪಾಠ ಮತ್ತು ಅದರ ಮಿತಿ

ಇದುವರೆಗಿನ ನಮ್ಮ ಉತ್ತರ ಸರಳವಾದುದು. ಜಗಳವಿರುವ ಕಡೆ ಜಗಳವಿಲ್ಲದ ಪಠ್ಯವನ್ನು ಕೊಡು. ಈ ಭಾಗದ ನೆಲ ಇದಕ್ಕೆ ಧಾರಾಳವಾಗಿ ಒದಗಿಬರುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಫಕೀರನಿದ್ದಾನೆ. ಅಲ್ಲಿನ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ದೂದಪೀರಾಂ ದರ್ಗಾ ಇದೆ. ಅಲ್ಲಿಂದ ದೂರವಲ್ಲದ ಶಿಶುನಾಳದಲ್ಲಿ ಶರೀಫ ಸಾಹೇಬರ (1819–1889) ಗದ್ದುಗೆ ಇದೆ. ಕಳಸದ ಗೋವಿಂದಭಟ್ಟರು ಅವರ ಗುರುಗಳು. ಆದ್ದರಿಂದ ಶರೀಫರ ಒಂದು ಪದ, ಫಕೀರೇಶ್ವರರ ಒಂದು ಐತಿಹ್ಯ, ಕೊನೆಯಲ್ಲಿ 'ಭಾವೈಕ್ಯದ ಮಹತ್ವವನ್ನು ವಿವರಿಸಿರಿ' ಎಂಬ ಪ್ರಶ್ನೆ. ಇಷ್ಟಕ್ಕೆ ಪಾಠ ಮುಗಿಯುತ್ತದೆ.

ಈ ಪಾಠ ಸುಳ್ಳಲ್ಲ; ಅದನ್ನು ಕೈಬಿಡಬೇಕೆಂದು ಹೇಳುವುದೂ ನನ್ನ ಉದ್ದೇಶವಲ್ಲ. ಆದರೆ ಅದೊಂದನ್ನೇ ಕಲಿಸಿದಾಗ ಎರಡು ಹಾನಿಗಳು ಒದಗುತ್ತವೆ.

ಮೊದಲನೆಯ ಹಾನಿ ಪಠ್ಯಕ್ಕೇ ಆಗುತ್ತದೆ. ಗೋವಿಂದಭಟ್ಟರು ಶರೀಫರಿಗೆ ಜನಿವಾರ ಹಾಕಿದರೆಂದು ಜನ ಹೇಳುವ ಕಥೆಯಲ್ಲಿ, ಗುರುಶಿಷ್ಯರ ಈ ನಂಟನ್ನು ಕಂಡು ಎರಡೂ ಕಡೆಯವರು ಸಿಟ್ಟಾದರೆಂಬ ಭಾಗವೂ ಇದೆ. ಆ ಸಿಟ್ಟನ್ನು ತೆಗೆದುಹಾಕಿದರೆ ಜನಿವಾರದ ಪ್ರಸಂಗಕ್ಕೆ ಅರ್ಥವೇ ಉಳಿಯದು. ಯಾರೂ ವಿರೋಧಿಸದಿದ್ದ ಕಡೆ ಆ ನೂಲಿಗೆ ಏನು ಬೆಲೆ? ತತ್ವಪದಗಳಲ್ಲಿನ ಕುಟುಕು, ಒಗಟು, ಗುರುವಿಲ್ಲದೆ ಬಿಡಿಸಲಾಗದ ಗಂಟು ಇವೆಲ್ಲ ಪಾಠದಲ್ಲಿ ಸವೆದುಹೋಗಿ, ಶರೀಫರು ಗೋಡೆಯ ಮೇಲಿನ ಒಂದು ಚಿತ್ರವಾಗಿ ಉಳಿಯುತ್ತಾರೆ.

ಎರಡನೆಯ ಹಾನಿ ವಿದ್ಯಾರ್ಥಿಗೆ ಆಗುತ್ತದೆ. ಜಗಳದ ಸುದ್ದಿ ಅವನಿಗೆ ಶಾಲೆಯಿಂದ ತಿಳಿಯಬೇಕಾಗಿಲ್ಲ. ಮನೆಯ ಕಟ್ಟೆಯ ಮೇಲೆ, ಚುನಾವಣೆಯ ಭಾಷಣದಲ್ಲಿ, ಅಂಗೈಯ ಮೊಬೈಲಿನಲ್ಲಿ ಅದು ದಿನವೂ ಸಿಗುತ್ತದೆ. ಶಾಲೆಯಲ್ಲಿ ಎಲ್ಲರೂ ಅಣ್ಣತಮ್ಮಂದಿರೆಂದು ಬರೆದು ಅಂಕ ಪಡೆಯುವ ಹುಡುಗ, ಬೀದಿಗೆ ಬಂದೊಡನೆ ಬೇರೊಂದು ಕಥೆ ಕೇಳುತ್ತಾನೆ. ಈ ಎರಡರ ನಡುವೆ ಸೇತುವೆಯಿಲ್ಲದಿದ್ದರೆ ಅವನು ತಲುಪುವ ತೀರ್ಮಾನ ಒಂದೇ: ಸಾಹಿತ್ಯವೆಂದರೆ ಪರೀಕ್ಷೆಗಾಗಿ ಹೇಳುವ ಸಭ್ಯವಾದ ಸುಳ್ಳು.

'ಸೋಮನಾಥ ಚಾರಿತ್ರ'ದ ಇಕ್ಕಟ್ಟು

ಕಥೆಯ ಹಂದರವನ್ನು ನೆನಪಿಸಿಕೊಳ್ಳೋಣ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಶಿವಭಕ್ತ ಆದಯ್ಯನು ಜೈನರ ಮಗಳಾದ ಪದ್ಮಾವತಿಯನ್ನು ಒಲಿಯುತ್ತಾನೆ. ಅವಳು ಶೈವದೀಕ್ಷೆ ಪಡೆದ ಮೇಲೆ ಮದುವೆಯಾಗುತ್ತದೆ. ಮನೆಗೆ ಬಂದ ಅತಿಥಿಗಳ ಊಟದ ವಿಷಯದಲ್ಲಿ ಎದ್ದ ಅಸಮಾಧಾನ ಅವಮಾನವಾಗಿ ಬೆಳೆಯುತ್ತದೆ, ಅವಮಾನ ಪಂಥವಾಗುತ್ತದೆ. ಸೌರಾಷ್ಟ್ರದ ಸೋಮನಾಥನನ್ನೇ ತಂದು ಊರಿನ ಸುರಹೊನ್ನೆ ಬಸದಿಯಲ್ಲಿ ನಿಲ್ಲಿಸುವೆನೆಂದು ಆದಯ್ಯ ಹೊರಡುತ್ತಾನೆ, ತರುತ್ತಾನೆ, ನಿಲ್ಲಿಸುತ್ತಾನೆ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಮೂರ್ತಿಯನ್ನು ತೋರಿಸಿ ಜನ ಇಂದಿಗೂ ಈ ಕಥೆಯನ್ನು ಹೇಳುತ್ತಾರೆ.

ನಮ್ಮ ಭಾಗದ ರೈತರು ಹೊಲದ ಪಹಣಿಯನ್ನು ಉತಾರ ಎನ್ನುತ್ತಾರೆ. ಯಾರ ಹೊಲ, ಎಷ್ಟು ಎಕರೆ, ಯಾರಿಂದ ಯಾರಿಗೆ ಬಂತು ಎಂಬುದೆಲ್ಲ ಅದರಲ್ಲಿರುತ್ತದೆ. ಸಂಘರ್ಷದ ಕಾಲದಲ್ಲಿ ಕಾವ್ಯಕ್ಕೆ ಒದಗುವ ದೊಡ್ಡ ಅಪಾಯವೆಂದರೆ ಅದನ್ನು ಉತಾರದಂತೆ ಓದುವುದು. ಗೆದ್ದವರ ಕಡೆಯವನಿಗೆ 'ಸೋಮನಾಥ ಚಾರಿತ್ರ' ಹಕ್ಕುಪತ್ರವಾಗಿ ಕಾಣುತ್ತದೆ. ಸೋತವರ ಕಡೆಯವನಿಗೆ ಫಿರ್ಯಾದಿಯಾಗಿ ಕಾಣುತ್ತದೆ. ಇಬ್ಬರೂ ಅದನ್ನು ಕಚೇರಿಯ ಕಾಗದವೆಂದೇ ಓದಿದವರು. ಕಾವ್ಯವೆಂದು ಓದಿದವರು ಇನ್ನೂ ಬಂದಿಲ್ಲ.

ಕಾವ್ಯವೆಂದು ಓದುವುದೆಂದರೆ ಏನು? ಮೊದಲಿಗೆ, ಹೇಳುತ್ತಿರುವವನು ಯಾರು, ಯಾರಿಗೆ ಹೇಳುತ್ತಿದ್ದಾನೆ ಎಂದು ಕೇಳುವುದು. ರಾಘವಾಂಕನು ತನಗಿಂತ ಹಿಂದಿನ ಭಕ್ತನೊಬ್ಬನ ಮಹಿಮೆಯನ್ನು ಭಕ್ತರ ಮುಂದೆ ಷಟ್ಪದಿಯಲ್ಲಿ ಹಾಡಿದವನು. ಮಹಿಮೆಗೆ ಎದುರಾಳಿ ಬೇಕು. ಎದುರಾಳಿಯ ಮಾತನ್ನು ಹೇಳುವ ಹೊಣೆಯನ್ನು ಅಂಥ ಕಾವ್ಯ ಹೊರುವುದಿಲ್ಲ. ಇದು ಕವಿಯ ಮೇಲಿನ ಆರೋಪವಲ್ಲ, ಪ್ರಕಾರದ ಲಕ್ಷಣ. ಎರಡನೆಯದಾಗಿ, ಈ ಕಾವ್ಯದ ಅಕ್ಕಪಕ್ಕದ ದನಿಗಳನ್ನು ಕೇಳುವುದು. ರಾಘವಾಂಕನ ಗುರುವೂ ಸೋದರಮಾವನೂ ಆದ ಹರಿಹರನು ಇದೇ ಆದಯ್ಯನ ಮೇಲೆ ರಗಳೆ ಬರೆದಿದ್ದಾನೆ. ಆದಯ್ಯನೂ ವಚನಕಾರನೇ, 'ಸೌರಾಷ್ಟ್ರ ಸೋಮೇಶ್ವರ' ಎಂಬುದು ಅವನ ಅಂಕಿತ. ಆ ವಚನಗಳಲ್ಲಿ ನಮಗೆ ಎದುರಾಗುವವನು ಹೆಚ್ಚಾಗಿ ಅರಿವಿನ, ಲಿಂಗಾಂಗ ಸಂಬಂಧದ ಸೂಕ್ಷ್ಮಗಳನ್ನು ಬಿಡಿಸುವ ಒಬ್ಬ ಚಿಂತಕ. ಕಾವ್ಯದ ಆದಯ್ಯನನ್ನೂ ವಚನದ ಆದಯ್ಯನನ್ನೂ ಅಕ್ಕಪಕ್ಕದಲ್ಲಿ ಇಟ್ಟು ಓದಿದ ವಿದ್ಯಾರ್ಥಿಗೆ, ಒಬ್ಬ ಮನುಷ್ಯನು ಅವನ ಅಭಿಮಾನಿಗಳು ಹಾಡಿದ ಜಗಳಕ್ಕಿಂತ ದೊಡ್ಡವನಾಗಿರಬಲ್ಲನೆಂಬುದು ತಾನಾಗಿಯೇ ತಿಳಿಯುತ್ತದೆ.

ಮೂರನೆಯದಾಗಿ, ಪುಸ್ತಕದಿಂದ ತಲೆಯೆತ್ತಿ ಊರನ್ನು ನೋಡುವುದು. ಲಕ್ಷ್ಮೇಶ್ವರದಲ್ಲಿ ಶಂಖ ಬಸದಿ ಇಂದಿಗೂ ನಿಂತಿದೆ. ಅನಂತನಾಥ ಬಸದಿಯೂ ಇದೆ. ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯೂ ಇದೆ. ಕಾವ್ಯವು ಒಂದು ಸಮುದಾಯದ ಸೋಲಿನೊಂದಿಗೆ ಮುಗಿಯುತ್ತದೆ. ಊರು ಹಾಗೆ ಮುಗಿಯಲಿಲ್ಲ.

ನಾವೂ ಈ ಕಥೆಯೊಳಗಿದ್ದೇವೆ

ಶೈವ ಜೈನ ವಿವಾದವು ನಮ್ಮದಲ್ಲ, ನಾವು ಮಧ್ಯಸ್ಥರು ಎಂದು ಕ್ರೈಸ್ತ ಗುರುವಿಗೆ ಅನ್ನಿಸುವುದು ಸಹಜ. ಆದರೆ ಪದ್ಮಾವತಿಯ ಪ್ರಸಂಗಕ್ಕೆ ಬಂದಾಗ ಆ ಆಸನ ಅಲುಗಾಡುತ್ತದೆ. ಮದುವೆಗಾಗಿ ಮತ ಬದಲಿಸಿದ ಹೆಣ್ಣೊಬ್ಬಳು ಈ ಕಥೆಯ ಬೀಜದಲ್ಲಿಯೇ ಇದ್ದಾಳೆ. 2022ರಲ್ಲಿ ಜಾರಿಗೆ ಬಂದ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆಯ ಕಾಯಿದೆಯು ಮದುವೆಯ ಭರವಸೆಯನ್ನು ಆಮಿಷಗಳ ಸಾಲಿನಲ್ಲಿ ಸೇರಿಸಿತು. ಮತಾಂತರದ ಉದ್ದೇಶದಿಂದಲೇ ಆದ ಮದುವೆಯನ್ನು ಅಸಿಂಧುಗೊಳಿಸಲು ಅವಕಾಶ ಕೊಟ್ಟಿತು. 2023ರ ಜೂನ್‌ನಲ್ಲಿ ಅದನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿತು. ಈ ಚರ್ಚೆಯಲ್ಲಿ ಕ್ರೈಸ್ತರು ಆರೋಪಿತರ ಸ್ಥಾನದಲ್ಲಿದ್ದರೆಂಬುದನ್ನೂ, 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮೊದಲಾದ ಕಡೆ ಇಗರ್ಜಿಗಳ ಮೇಲೆ ದಾಳಿಗಳಾದಾಗಲೂ ಮತಾಂತರದ ಮಾತೇ ಮುಂದೆ ಬಂದಿತ್ತೆಂಬುದನ್ನೂ ನಮ್ಮ ಅಭ್ಯರ್ಥಿಗಳು ಬಲ್ಲರು.

ಆದ್ದರಿಂದ 'ಸೋಮನಾಥ ಚಾರಿತ್ರ'ವನ್ನು ಓದುವ ಕ್ರೈಸ್ತನಿಗೆ ಎರಡು ಪ್ರಶ್ನೆಗಳು ಒಟ್ಟಿಗೆ ಎದುರಾಗುತ್ತವೆ. ಪದ್ಮಾವತಿಯ ದೀಕ್ಷೆ ಅವಳ ಸ್ವಂತ ನಿರ್ಧಾರವೆಂದು ಒಪ್ಪುವುದಾದರೆ, ಆ ನಿರ್ಧಾರದಿಂದ ಅವಳ ತಂದೆತಾಯಿಗೆ ಆದ ನೋವನ್ನು ನಾವು ಲೆಕ್ಕಕ್ಕೆ ಇಟ್ಟುಕೊಳ್ಳುವೆವೇ? ಆ ಮನೆಯವರ ಸಂಕಟದಲ್ಲಿ, ನಮ್ಮನ್ನು ಸಂಶಯದಿಂದ ನೋಡುವ ಇಂದಿನ ನೆರೆಯವನ ಸಂಕಟವೂ ಕಾಣುವುದೇ? ತನ್ನ ಸ್ವಾತಂತ್ರ್ಯದ ಪ್ರಶ್ನೆಯನ್ನೂ ಎದುರಿನವನ ನೋವಿನ ಪ್ರಶ್ನೆಯನ್ನೂ ಒಂದೇ ಉಸಿರಿನಲ್ಲಿ ಕೇಳಿಕೊಳ್ಳುವ ಅಭ್ಯಾಸವನ್ನು ಕಾನೂನಿನ ಪುಸ್ತಕ ಕೊಡಲಾರದು. ಅದನ್ನು ಕೊಡುವುದು ಕಥೆಯ ಕೆಲಸ.

ಬೆಂಕಿಯನ್ನು ಕೇಳಿದ ಓದುಗರು

ನಮ್ಮ ದೈವಶಾಸ್ತ್ರಕ್ಕೆ ಈ ಶಿಸ್ತು ಹೊಸದಲ್ಲ. ಸಂತ ಲೂಕನ ಶುಭಸಂದೇಶದ 9ನೆಯ ಅಧ್ಯಾಯದ ಕೊನೆಯ ಭಾಗವನ್ನು ಸಾಹಿತ್ಯ ಬೋಧನೆಯ ದೃಷ್ಟಿಯಿಂದ ಓದಬಹುದು. ಜೆರುಸಲೇಮಿಗೆ ಹೊರಟ ಯೇಸುವನ್ನು ಸಮಾರಿಯದ ಒಂದು ಹಳ್ಳಿ ಬರಮಾಡಿಕೊಳ್ಳುವುದಿಲ್ಲ. ಈ ನಿರಾಕರಣೆಯ ಹಿಂದೆ ದೊಡ್ಡ ಇತಿಹಾಸವಿದೆ. ಯೆಹೂದ್ಯರ ಮಹಾಯಾಜಕನೂ ಅಧಿಪತಿಯೂ ಆಗಿದ್ದ ಯೊವಾನ್ನ ಹಿರ್ಕಾನುಸನು ಕ್ರಿ.ಪೂ. ಎರಡನೆಯ ಶತಮಾನದ ಕೊನೆಗೆ ಗೆರಿಜೀಮ್ ಬೆಟ್ಟದ ಮೇಲಿನ ಸಮಾರಿಯದವರ ದೇವಾಲಯವನ್ನು ನಾಶಮಾಡಿದ್ದನು. ಪುಲಿಗೆರೆಯ ಕಥೆಯನ್ನು ಬಲ್ಲವರಿಗೆ ಈ ಗಾಯದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಆಗ ಯಕೋಬ ಮತ್ತು ಯೊವಾನ್ನರು ಆಕಾಶದಿಂದ ಬೆಂಕಿ ಬೀಳಲೆಂದು ಆಜ್ಞಾಪಿಸೋಣವೇ ಎಂದು ಕೇಳುತ್ತಾರೆ. ಅವರ ಮಾತಿನ ಹಿಂದೆ ಪ್ರವಾದಿ ಎಲೀಯನ ಕಥೆಯ ನೆನಪಿದೆ. ಅವರು ಧರ್ಮಗ್ರಂಥವನ್ನು ಓದದವರಲ್ಲ. ಓದಿದ್ದನ್ನು ಅಪ್ಪಣೆಪತ್ರವೆಂದು ತಿಳಿದವರು.

ಯೇಸು ಎಲೀಯನ ಕಥೆಯನ್ನು ಅಳಿಸಲಿಲ್ಲ, ಓದಿದವರನ್ನು ಗದರಿಸಿದರು. ಬಳಿಕ ಎಲ್ಲರೂ ಬೇರೊಂದು ಹಳ್ಳಿಗೆ ಹೋದರು. ಮುಂದಿನ ಅಧ್ಯಾಯದಲ್ಲಿಯೇ ಅವರು ಮತ್ತೊಂದು ಕಥೆಯನ್ನು ಹೇಳುತ್ತಾರೆ. ಅದರಲ್ಲಿ ಗಾಯಗೊಂಡವನ ಬಳಿಗೆ ಬರುವವನು ಅದೇ ಸಮಾರಿಯದ ಸಮುದಾಯದವನು. ಕಥೆಯ ಕೊನೆಯಲ್ಲಿ ನೆರೆಯವನು ಯಾರೆಂದು ಕೇಳಿದಾಗ ಧರ್ಮಶಾಸ್ತ್ರಿಯು ಸಮಾರಿಯದವನೆಂಬ ಹೆಸರನ್ನು ಉಚ್ಚರಿಸದೆ, ದಯೆ ತೋರಿದವನೆಂದಷ್ಟೇ ಉತ್ತರಿಸುತ್ತಾನೆ. ನಾಲಗೆ ಇನ್ನೂ ತಿರುಗಿಲ್ಲ. ತಿಳಿವಳಿಕೆ ಮಾತ್ರ ಅರ್ಧ ದಾರಿ ಬಂದಿದೆ. ಯೇಸು ಆ ಅರ್ಧ ಉತ್ತರವನ್ನು ಒಪ್ಪಿ ಅವನನ್ನು ಕಳುಹಿಸಿಕೊಡುತ್ತಾರೆ. ಒಂದು ಪಾಠದಿಂದ ಎಷ್ಟನ್ನು ನಿರೀಕ್ಷಿಸಬೇಕೆಂಬುದಕ್ಕೆ ಶಿಕ್ಷಕರಾದ ನಮಗೆ ಇದು ಅಳತೆಗೋಲಾಗಬೇಕು.

ಧರ್ಮಸಭೆಯೂ ತನ್ನ ಪಠ್ಯಗಳ ವಿಷಯದಲ್ಲಿ ಈ ದಾರಿಯನ್ನು ನಿಧಾನವಾಗಿ ನಡೆದಿದೆ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಅಂಟಿಕೊಂಡಿದ್ದ ನಿಂದೆಯ ವಿಶೇಷಣವನ್ನು ಜಗದ್ಗುರು 23ನೆಯ ಜಾನ್‌ರು 1959ರಲ್ಲಿ ತೆಗೆಸಿದರು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಯೇಸುವಿನ ಮರಣದ ಹೊಣೆಯನ್ನು ಆ ಕಾಲದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಸ್ಪಷ್ಟಪಡಿಸಿತು. ಆದರೆ ಪಾಡುಗಳ ಕಥನವನ್ನು ಓದುವುದನ್ನು ಧರ್ಮಸಭೆ ನಿಲ್ಲಿಸಲಿಲ್ಲ. ಅದನ್ನು ಹೇಗೆ ಓದಬೇಕೆಂದು ಕಲಿಸತೊಡಗಿತು.

ಆಕ್ಷೇಪಗಳು

ಎರಡು ಆಕ್ಷೇಪಗಳನ್ನು ಗಂಭೀರವಾಗಿ ಪರಿಗಣಿಸಬೇಕು. ಹಳೆಯ ಜಗಳವನ್ನು ಪಾದ್ರಿಗಳು ಏಕೆ ಕೆದಕಬೇಕು ಎಂಬುದು ಮೊದಲನೆಯದು. ಈ ಸಂಶಯಕ್ಕೆ ಇತಿಹಾಸದ ಆಧಾರವಿದೆ. ಬಾಸೆಲ್ ಮಿಶನ್ 1841ರಲ್ಲಿ ಬೆಟಗೇರಿಗೆ ಬಂತು. ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1848ರಿಂದ ಮುಂದೆ 'ಜೈಮಿನಿ ಭಾರತ', 'ಬಸವಪುರಾಣ', ದಾಸರ ಪದಗಳನ್ನು ಅಚ್ಚುಹಾಕಿಸಿದರು. ಫರ್ಡಿನೆಂಡ್ ಕಿಟ್ಟೆಲ್ 1872ರಲ್ಲಿ 'ಶಬ್ದಮಣಿದರ್ಪಣ'ವನ್ನು, 1894ರಲ್ಲಿ ನಿಘಂಟನ್ನು ಹೊರತಂದರು. ಈ ಶ್ರಮದಲ್ಲಿ ಕನ್ನಡದ ಪ್ರೀತಿಯೂ ಇತ್ತು; ಎದುರಿನವನ ನಂಬಿಕೆಯನ್ನು ತಿಳಿದು ಅವನನ್ನು ತನ್ನ ಕಡೆಗೆ ತಿರುಗಿಸಬೇಕೆಂಬ ಉದ್ದೇಶವೂ ಇತ್ತು. ಆ ಉದ್ದೇಶವನ್ನು ಮರೆತವರಂತೆ ನಾವು ನಟಿಸಬಾರದು. ಆದುದರಿಂದ ಕ್ರಮ ಮುಖ್ಯವಾಗುತ್ತದೆ: ಬೇರೆಯವರ ಜಗಳದ ಕಾವ್ಯವನ್ನು ತೆರೆಯುವ ಮುನ್ನ ನಮ್ಮ ಮನೆಯ ಬೆಂಕಿಯ ಪಠ್ಯಗಳನ್ನು ಅದೇ ತರಗತಿಯಲ್ಲಿ ಅದೇ ನಿಷ್ಠುರತೆಯಿಂದ ಓದಿರಬೇಕು.

ಎರಡನೆಯ ಆಕ್ಷೇಪ ಅಪಾಯದ್ದು. 1990ರ ದಶಕದಲ್ಲಿ ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕ ಪಠ್ಯವಾಗಿದ್ದಾಗ ವಿರೋಧವೆದ್ದು ಅದನ್ನು ಹಿಂತೆಗೆದುಕೊಳ್ಳಲಾಯಿತು. ಹಳೆಯ ಪಠ್ಯಗಳನ್ನೇ ಬದುಕಾಗಿಸಿಕೊಂಡಿದ್ದ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಕೊಲ್ಲಲಾಯಿತು. 2022ರ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದದಲ್ಲಿ ದೇವನೂರ ಮಹಾದೇವರು ತಮ್ಮ ಬರಹವನ್ನು ಪಾಠವಾಗಿಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಇಂಥ ಕಾಲದಲ್ಲಿ ಹಳ್ಳಿಯ ಶಾಲೆಯ ಕನ್ನಡ ಮಾಸ್ತರರಿಂದ ಶೌರ್ಯವನ್ನು ಬೇಡುವುದು ಅನ್ಯಾಯ. ಹದಿನಾಲ್ಕರ ಮಕ್ಕಳಿಗೆ 'ಸೋಮನಾಥ ಚಾರಿತ್ರ'ವನ್ನು ನೇರವಾಗಿ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಅವರಿಗೆ ಶರೀಫರೇ ಸಾಕು, ಆದರೆ ಸಿಟ್ಟಿನ ಭಾಗವನ್ನೂ ಸೇರಿಸಿ. ಕಾವ್ಯವನ್ನು ಓದಬೇಕಾದವರು ಮುಂದೆ ಆ ಶಾಲೆಗಳನ್ನು ನಡೆಸಲಿರುವ ನಮ್ಮ ಅಭ್ಯರ್ಥಿಗಳು.

ಜಗದ್ಗುರು ಫ್ರಾನ್ಸಿಸ್‌ರು 2024ರ ಜುಲೈ 17ರಂದು ಬರೆದ ಪತ್ರದಲ್ಲಿ ಗುರು ಅಭ್ಯರ್ಥಿಗಳ ರೂಪಣೆಯಲ್ಲಿ ಸಾಹಿತ್ಯದ ಪಾತ್ರವನ್ನು ಎತ್ತಿಹಿಡಿದರು. 1964–65ರಲ್ಲಿ ಸಾಂತಾ ಫೆಯ ಯೇಸುಸಭೆಯ ಶಾಲೆಯಲ್ಲಿ ತಾವು ಸಾಹಿತ್ಯ ಕಲಿಸಿದ್ದನ್ನು ಅಲ್ಲಿ ನೆನೆದಿದ್ದಾರೆ: 'ಎಲ್ ಸಿದ್' ಹುಡುಗರಿಗೆ ಹಿಡಿಸದಿದ್ದಾಗ ಅದನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ, ತರಗತಿಯಲ್ಲಿ ಅವರು ಇಷ್ಟಪಟ್ಟ ಲೇಖಕರನ್ನು ಚರ್ಚಿಸಿದರಂತೆ. ಶಿಕ್ಷಕನ ವಿವೇಕಕ್ಕೆ ಇದು ಒಳ್ಳೆಯ ಮಾದರಿ. ಆದರೆ 'ಎಲ್ ಸಿದ್' ಕ್ರೈಸ್ತರ ಮತ್ತು ಮೂರರ ಕಾಲದ ಯುದ್ಧವೀರನ ಕಾವ್ಯ. ಅರ್ಜೆಂಟೀನಾದ ಆ ಹುಡುಗರಿಗೆ ಆ ಯುದ್ಧ ಮುಗಿದ ಕಥೆಯಾಗಿತ್ತು. ನಮ್ಮಲ್ಲಿ ಜಗಳದ ಕಾವ್ಯವನ್ನು ಮನೆಗೆ ಕಳುಹಿಸಿದರೆ, ಅಲ್ಲಿ ಅದನ್ನು ಉತಾರದಂತೆ ಓದಿಸುವವರು ಕಾದು ಕುಳಿತಿದ್ದಾರೆ. ಆದ್ದರಿಂದ ಈ ಒಂದು ವಿಷಯದಲ್ಲಿ ನಮ್ಮ ಕ್ರಮ ತಿರುವುಮುರುವಾಗಬೇಕು: ಇಷ್ಟವಾದುದನ್ನು ಮನೆಯಲ್ಲಿ ಓದಲಿ, ಕಷ್ಟವಾದುದನ್ನು ತರಗತಿಯಲ್ಲಿ ಒಟ್ಟಿಗೆ ಓದೋಣ.

ಜೊತೆಗೆ ಓದಬೇಕಾದ ಕಲ್ಲು

'ಸೋಮನಾಥ ಚಾರಿತ್ರ'ದ ಜೊತೆಗೆ ಇಡಬೇಕಾದ ಪಠ್ಯವೊಂದು ಶ್ರವಣಬೆಳಗೊಳದಲ್ಲಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದಾಗ ವಿಜಯನಗರದ ಬುಕ್ಕರಾಯನು 1368ರಲ್ಲಿ ಮಾಡಿದ ತೀರ್ಮಾನದ ಶಾಸನ ಅದು. ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದನೆಂದು ಅದು ಹೇಳುತ್ತದೆ. ಭಾವೈಕ್ಯದ ಪಾಠ ಇಷ್ಟಕ್ಕೇ ನಿಲ್ಲುತ್ತದೆ. ಶಾಸನ ಮಾತ್ರ ಮುಂದುವರಿಯುತ್ತದೆ. ಜೈನರು ಮನೆಗೊಂದು ಹಣದಂತೆ ಕೊಡತಕ್ಕದ್ದು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ನೇಮಿಸತಕ್ಕದ್ದು. ಉಳಿದ ಹಣದಲ್ಲಿ ಜಿನಾಲಯಗಳಿಗೆ ಸುಣ್ಣ ಬಳಿಸಿ ಜೀರ್ಣೋದ್ಧಾರ ಮಾಡಿಸತಕ್ಕದ್ದು. ಜೈನ ತೀರ್ಥದ ಕಾವಲನ್ನು ವೈಷ್ಣವನ ಹೊಣೆಗೆ ಒಪ್ಪಿಸಿದ ಈ ಏರ್ಪಾಟಿನಲ್ಲಿ ಸಮಾನತೆ ಪೂರ್ಣವಾಗಿತ್ತೇ, ಕಾವಲಿನ ಖರ್ಚು ಕಾಪಾಡಲ್ಪಡುವವರ ಮೇಲೆಯೇ ಏಕೆ ಬಿತ್ತು ಎಂದು ವಿದ್ಯಾರ್ಥಿಗಳು ಕೇಳಬಹುದು, ಕೇಳಬೇಕು. ಸೌಹಾರ್ದಕ್ಕೆ ಆಳು, ಹಣ, ಸುಣ್ಣ ಬೇಕಾಗುತ್ತವೆಂಬ ಸಾಮಾನ್ಯ ಸತ್ಯ ಆಗ ಅವರ ಕೈಗೆ ಸಿಗುತ್ತದೆ.

ಆದುದರಿಂದ ಗುರುಮಠದ ಕನ್ನಡ ಪಠ್ಯಕ್ರಮದಲ್ಲಿ ಒಂದು ಅರ್ಧವರ್ಷವನ್ನು ಈ ನಾಲ್ಕು ಪಠ್ಯಗಳಿಗೆ ಮೀಸಲಿಡಬೇಕೆಂದು ಸೂಚಿಸುತ್ತೇನೆ: ಲೂಕನ 9 ಮತ್ತು 10ನೆಯ ಅಧ್ಯಾಯಗಳು, 'ಸೋಮನಾಥ ಚಾರಿತ್ರ'ದ ಆಯ್ದ ಭಾಗ, ಆದಯ್ಯನ ವಚನಗಳು, 1368ರ ಶಾಸನ. ಓದಿನ ನಡುವೆ ಒಂದು ದಿನ ಲಕ್ಷ್ಮೇಶ್ವರಕ್ಕೆ ಹೋಗಿ ದೇವಾಲಯ, ಬಸದಿ, ಮಸೀದಿ ಮೂರನ್ನೂ ಕಾಲ್ನಡಿಗೆಯಲ್ಲಿ ನೋಡಿಬರಬೇಕು. ಪರೀಕ್ಷೆಯಲ್ಲಿ ಭಾವೈಕ್ಯದ ಮಹತ್ವವನ್ನು ವಿವರಿಸಿರೆಂದು ಕೇಳುವುದು ಬೇಡ. ಆದಯ್ಯ ಸೌರಾಷ್ಟ್ರಕ್ಕೆ ಹೊರಟ ರಾತ್ರಿ ಪದ್ಮಾವತಿಯ ತವರುಮನೆಯಲ್ಲಿ ನಡೆದಿರಬಹುದಾದ ಮಾತುಕತೆಯನ್ನು, ಆ ಮನೆಯವರಿಗೆ ಅನ್ಯಾಯವಾಗದಂತೆ, ಎರಡು ಪುಟಗಳಲ್ಲಿ ಬರೆಯಿರಿ ಎಂದು ಕೇಳಬಹುದು.